ಹಾರದ ಸಂಖ್ಯೆ

ಗಣಿತದ ಪುಸ್ತಕದಲ್ಲಿ ಒಡವೆಯ ಮಾತು ಬರುವುದು ಅಪರೂಪ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ರಚಿತವಾದ ‘ಗಣಿತಸಾರಸಂಗ್ರಹ’ದಲ್ಲಿ ಅದು ಬರುತ್ತದೆ. ಗ್ರಂಥಕರ್ತನು ಮಹಾವೀರಾಚಾರ್ಯ. ಗುಣಾಕಾರವನ್ನು ಕಲಿಸುವ ಭಾಗದಲ್ಲಿ ಆತನು ಶಿಷ್ಯರ ಮುಂದೆ ಕೆಲವು ಲೆಕ್ಕಗಳನ್ನಿಟ್ಟು, ಅವುಗಳ ಉತ್ತರವನ್ನು ಕೊರಳಿಗೆ ಹಾಕುವ ಹಾರಕ್ಕೆ ಹೋಲಿಸುತ್ತಾನೆ. 12345679ನ್ನು 9ರಿಂದ ಗುಣಿಸಿದರೆ 111111111. ಒಂಬತ್ತು ಮುತ್ತುಗಳ ಸರ. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗೆ ಎರಡು ಮಣಿ, ನಡುವೆ ಬರಿಯ ದಾರ. ಇವುಗಳ ಸಾಲಿನಲ್ಲಿಯೇ ಇನ್ನೊಂದಿದೆ. 27994681ನ್ನು 441ರಿಂದ ಗುಣಿಸಬೇಕು. ಗುಣ್ಯದಲ್ಲಾಗಲಿ ಗುಣಕದಲ್ಲಾಗಲಿ ಕಣ್ಣಿಗೆ ಹಿತವಾದದ್ದು ಏನೂ ಇಲ್ಲ. ಗುಣಿಸಿ ಕೂಡಿದಾಗ ಬರುವುದು 12345654321.

ಒಂದರಿಂದ ಆರರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಬಂದ ದಾರಿಯಲ್ಲಿಯೇ ಇಳಿಯುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದಕ್ಕೆ ಆ ಕಾಲದ ಓದುಗರಿಗೆ ಮಾತ್ರ ಪೂರ್ಣವಾಗಿ ದಕ್ಕುತ್ತಿದ್ದ ಒಂದು ಸ್ವಾರಸ್ಯವೂ ಉಂಟು. ಸಂಸ್ಕೃತದ ಶಾಸ್ತ್ರಕಾರರು ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಅಗ್ನಿಯೆಂದರೆ ಮೂರು ಎಂದು ಪದಗಳಿಂದ ಸಂಖ್ಯೆಯನ್ನು ಹೇಳುವಾಗ ಬಿಡಿಸ್ಥಾನದಿಂದ ಮೊದಲು ಮಾಡಿ ಎಡಕ್ಕೆ ಸಾಗುತ್ತಿದ್ದರು. ಬರೆದ ಅಂಕಿಯನ್ನು ನಾವು ಓದುವುದಾದರೋ ಎಡದಿಂದ ಬಲಕ್ಕೆ. ಹೇಳುವವನ ದಿಕ್ಕು ಒಂದು, ಓದುವವನ ದಿಕ್ಕು ಇನ್ನೊಂದು. ಈ ಹಾರವು ಇಬ್ಬರಿಗೂ ಒಂದೇ ಆಗಿ ಕಾಣುತ್ತದೆ. ಸೊಲ್ಲಾಪುರದ ಕಡೆಯ ಕನ್ನಡದ ಮಕ್ಕಳಿಗೆ ಇದರ ರುಚಿ ಬೇಗ ಹತ್ತೀತು. ಮನೆಯಲ್ಲಿ ‘ಇಪ್ಪತ್ತೊಂದು’ ಎಂದು ಹತ್ತನ್ನು ಮುಂದಿಟ್ಟು ಹೇಳುವ ಅವರು, ಅಂಗಡಿಯಲ್ಲಿ ‘ಏಕವೀಸ’ ಎಂದು ಒಂದನ್ನು ಮುಂದಿಡುವ ಮರಾಠಿಯನ್ನೂ ಕೇಳಿ ಬೆಳೆದವರು.

ಸಂಖ್ಯೆಯು ಎಷ್ಟು ದೊಡ್ಡದು? ನಮ್ಮ ರೂಢಿಯಲ್ಲಿ ಓದಿದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅವನ ಪಟ್ಟಿಯಲ್ಲಿ ನಮ್ಮ ಸಂಖ್ಯೆಯ ಮೊದಲ ಅಂಕಿಯು ಹನ್ನೊಂದನೆಯದಾದ ಅರ್ಬುದಸ್ಥಾನದಲ್ಲಿ ಕುಳಿತಿದೆ. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆಗಳಿಲ್ಲದೆ ಎಣಿಸುತ್ತ ಹೋದರೆ ಇದನ್ನು ಮುಟ್ಟಲು 391 ವರ್ಷಗಳು ಮೇಲೆ ಸ್ವಲ್ಪ ದಿನಗಳು ಬೇಕು. ಅಜ್ಜ ಮೊದಲು ಮಾಡಿ, ಮಗ, ಮೊಮ್ಮಗ ಎಂದು ಹದಿಮೂರು ತಲೆಮಾರು ಕುಳಿತು ಎಣಿಸಬೇಕಾದ ಮಾತು. ಇಷ್ಟು ವಸ್ತುಗಳನ್ನು ಒಬ್ಬೊಬ್ಬನೇ ಎಣಿಸಿ ನೋಡಿದವರು ಯಾರೂ ಇಲ್ಲ, ಇರುವುದೂ ಸಾಧ್ಯವಿಲ್ಲ.

ಆದರೂ ಈ ಸಂಖ್ಯೆಯ ಅಂತರಂಗವು ನಮಗೆ ನೆರೆಮನೆಯವರ ಸಮಾಚಾರಕ್ಕಿಂತ ಹೆಚ್ಚು ಖಚಿತವಾಗಿ ಗೊತ್ತು. ಇದು 111111ರ ವರ್ಗ. 111111 ಎಂಬುದು 111ನ್ನು 1001ರಿಂದ ಗುಣಿಸಿದ ಫಲ. 111 ಒಡೆಯುವುದು 3 ಮತ್ತು 37 ಎಂದು. 1001 ಒಡೆಯುವುದು 7, 11, 13 ಎಂದು. ಅಲ್ಲಿಂದ ಮುಂದೆ ಒಡೆಯಲಾಗದ ಅವಿಭಾಜ್ಯಗಳು. ಅಂದರೆ ನಮ್ಮ ದೊಡ್ಡ ಸಂಖ್ಯೆಯು 3, 7, 11, 13, 37 ಎಂಬ ಐದೇ ಕಲ್ಲುಗಳಿಂದ, ಪ್ರತಿಯೊಂದನ್ನೂ ಎರಡೆರಡು ಸಲ ಇಟ್ಟು ಕಟ್ಟಿದ ಕಟ್ಟಡ. ಬೇರೆ ಕಲ್ಲು ಇಲ್ಲ. ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವ ರೀತಿ ಒಂದೇ ಆದುದರಿಂದ ಬೇರೆ ಕಲ್ಲಿನಿಂದ ಇದೇ ಕಟ್ಟಡವನ್ನು ಕಟ್ಟಲು ಯಾವ ಶಿಲ್ಪಿಗೂ ಆಗದು.

ಇದರಿಂದ ಇನ್ನೂ ಕೆಲವು ಸಂಗತಿಗಳು ತಾವಾಗಿಯೇ ಹೊರಡುತ್ತವೆ. ಐದು ಅವಿಭಾಜ್ಯಗಳಲ್ಲಿ ಒಂದೊಂದನ್ನೂ ಸೊನ್ನೆ ಸಲ, ಒಂದು ಸಲ ಅಥವಾ ಎರಡು ಸಲ ತೆಗೆದುಕೊಳ್ಳಬಹುದಾದುದರಿಂದ ಈ ಸಂಖ್ಯೆಗೆ ಒಟ್ಟು 243 ಭಾಜಕಗಳು. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಇದನ್ನು 122 ರೀತಿಯಲ್ಲಿ ಬರೆಯಬಹುದು. ಆ 122ರಲ್ಲಿ ಮಹಾವೀರನು ಒಂದನ್ನು ಆರಿಸಿದ್ದಾನೆ, ಮತ್ತು ಆರಿಕೆ ಕುರುಡಾದದ್ದಲ್ಲ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ಎರಡೂ ವರ್ಗಗಳೇ ಆಗಿರುವ ರೀತಿಗಳು ಹದಿನಾರು ಮಾತ್ರ. ಹಾರವು ವರ್ಗಸಂಖ್ಯೆಯೆಂಬ ಗುಟ್ಟನ್ನು ಬಲ್ಲವನೇ, ಆ ಗುಟ್ಟನ್ನು ಮುಚ್ಚಿಟ್ಟು, ಅಂದವಿಲ್ಲದ ಎರಡು ಸಂಖ್ಯೆಗಳನ್ನು ಶಿಷ್ಯನ ಕೈಗೆ ಕೊಟ್ಟಿದ್ದಾನೆ. ಮೇಷ್ಟರ ತುಂಟತನವು ಹನ್ನೊಂದು ಶತಮಾನಗಳ ಈಚೆಗೂ ಕಾಣುವಂತಿದೆ.

ಇಷ್ಟು ಪೀಠಿಕೆ. ನಾವು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಈ ಹಾರದ ಅಂದವು ಸಂಖ್ಯೆಯದೋ, ಅದನ್ನು ಬರೆಯುವ ನಮ್ಮದೋ?

ಪ್ರಶ್ನೆ ಹುಡುಗಾಟದ್ದೆಂದು ತೋರಬಹುದು. ಆದರೆ ನಾವು ಹತ್ತರ ಕಟ್ಟಿನಲ್ಲಿ ಎಣಿಸುವುದು ನಮ್ಮ ಕೈಗೆ ಹತ್ತು ಬೆರಳಿರುವ ಕಾರಣದಿಂದ, ಜಗತ್ತಿನ ಕಟ್ಟಳೆಯಿಂದಲ್ಲ. ನಮ್ಮ ಹಿರಿಯರೇ ಎಲ್ಲವನ್ನೂ ಹತ್ತರಲ್ಲಿ ಎಣಿಸಿದವರಲ್ಲ. 1957ರಲ್ಲಿ ನಯಾ ಪೈಸೆ ಬರುವವರೆಗೆ ಹನ್ನೆರಡು ಪೈಗೆ ಒಂದಾಣೆ, ಹದಿನಾರು ಆಣೆಗೆ ಒಂದು ರೂಪಾಯಿ. ನಾಲ್ಕು ಪಾವಿಗೆ ಒಂದು ಸೇರು. ಏಳು ದಿನಕ್ಕೆ ಒಂದು ವಾರವೆಂಬುದಂತೂ ಇಂದಿಗೂ ನಡೆದಿದೆ. ಗಣಕಯಂತ್ರದೊಳಗೆ ಇರುವುದು ಎರಡರ ಕಟ್ಟು. ಅಲ್ಲಿ ಸೊನ್ನೆ, ಒಂದು ಎಂಬ ಎರಡೇ ಅಂಕಿಗಳು. ಆ ಯಂತ್ರದ ಹೊಟ್ಟೆಯಲ್ಲಿ ಮಹಾವೀರನ ಸಂಖ್ಯೆಯು 34 ಅಂಕಿಗಳ ಉದ್ದನೆಯ ಸಾಲಾಗಿ ಬಿದ್ದಿರುತ್ತದೆ. ಆ ಸಾಲು 1011 ಎಂದು ಮೊದಲಾಗಿ 0001 ಎಂದು ಮುಗಿಯುತ್ತದೆ. ಏರಿಕೆಯಿಲ್ಲ, ಇಳಿಕೆಯಿಲ್ಲ, ಎಡಬಲಗಳ ಹೊಂದಿಕೆಯಿಲ್ಲ. ಹಾರವು ಎಲ್ಲಿ ಹೋಯಿತು?

ಸಂಖ್ಯೆ ಮಾತ್ರ ಎಲ್ಲಿಗೂ ಹೋಗಿಲ್ಲ. ಎರಡರ ಕಟ್ಟಿನಲ್ಲಿಯೂ ಅದು ವರ್ಗಸಂಖ್ಯೆಯೇ. 37ರಿಂದ ಎರಡು ಸಲ ಭಾಗವಾಗುತ್ತದೆ. ಭಾಜಕಗಳು 243ಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕನ್ನಡ ಅಂಕಿಗಳಲ್ಲಿ ೧೨೩೪೫೬೫೪೩೨೧ ಎಂದು ಬರೆದರೂ, ನೆರೆಯ ತೆಲುಗಿನ ಅಂಕಿಗಳಲ್ಲಿ ಬರೆದರೂ, ಬರೆಯದೆ ಹುಣಸೆಬೀಜಗಳ ರಾಶಿಯನ್ನೇ ಸುರಿದರೂ ಈ ಗುಣಗಳು ಬದಲಾಗವು. ಹೀಗೆ ನೋಡಿದರೆ ಸಂಖ್ಯೆಯ ಗುಣಗಳು ಎರಡು ಬಗೆ. ಭಾಗವಾಗುವುದು, ವರ್ಗವಾಗಿರುವುದು ಮುಂತಾದವು ಅದರ ಸ್ವಂತದ್ದು. ಹಾರದಂತೆ ಕಾಣುವುದು ನಾವು ಅದಕ್ಕೆ ತೊಡಿಸಿದ್ದು.

ಈ ಭೇದಕ್ಕೆ ಹೆಸರುಗಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಅನಂತಪುರದ ಸೀಮೆಯ ಕೊನಕೊಂಡ್ಲ ಗ್ರಾಮವನ್ನು ಜೈನ ಸಂಪ್ರದಾಯವು ಕುಂದಕುಂದಾಚಾರ್ಯರ ಊರೆಂದು ನೆನೆಯುತ್ತದೆ. ಕುಂದಕುಂದರು ‘ಸಮಯಸಾರ’ದಲ್ಲಿ ವಸ್ತುವನ್ನು ನೋಡುವ ಎರಡು ನಯಗಳನ್ನು ಹೇಳಿದರು. ವಸ್ತುವಿನ ಸ್ವಭಾವವನ್ನಷ್ಟೇ ನೋಡುವುದು ನಿಶ್ಚಯನಯ. ಲೋಕದ ಬಳಕೆಗೆ ತಕ್ಕಂತೆ ನೋಡುವುದು ವ್ಯವಹಾರನಯ. ಅವರು ಮಾತನಾಡಿದ್ದು ಆತ್ಮದ ವಿಷಯವಾಗಿ, ಅಂಕಿಗಳ ವಿಷಯವಾಗಿ ಅಲ್ಲ. ಆದರೆ ಮಹಾವೀರನೂ ಅದೇ ಪರಂಪರೆಯ ಜೈನನಾದುದರಿಂದ, ಅವನ ಸಂಖ್ಯೆಯ ಮೇಲೆ ಈ ಎರಡು ದೀಪಗಳನ್ನು ಹಿಡಿದರೆ ಅನ್ಯಾಯವಾಗಲಾರದು. ನಿಶ್ಚಯದಿಂದ ಆ ಸಂಖ್ಯೆಯು ಐದು ಅವಿಭಾಜ್ಯಗಳ ವರ್ಗಗಳ ಗುಣಲಬ್ಧ. ವ್ಯವಹಾರದಿಂದ ಅದು ಹಾರ.

ಇಲ್ಲಿಗೆ ವಿಚಾರ ಮುಗಿಯಿತೆಂದು ಕೈತೊಳೆದುಕೊಳ್ಳುವುದು ಸುಲಭ. ಅನೇಕ ಬುದ್ಧಿವಂತರು ಇಲ್ಲಿಯೇ ನಿಲ್ಲುತ್ತಾರೆ. ಅಂದವೆಲ್ಲ ಬರೆಯುವವನ ಕೈಯಲ್ಲಿದೆ, ಸಂಖ್ಯೆಗೆ ಅದರ ಗೊಡವೆಯಿಲ್ಲ ಎಂದುಬಿಡುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಏಕೆಂಬುದನ್ನು ಒಂದು ಲೆಕ್ಕದಿಂದಲೇ ತೋರಿಸಬಹುದು.

ಏಳರ ಕಟ್ಟಿನಲ್ಲಿ ಎಣಿಸುವ ಒಂದು ಊರಿದೆಯೆಂದು ಇಟ್ಟುಕೊಳ್ಳೋಣ. ಅಲ್ಲಿ ಏಳು ಬಿಡಿಗೆ ಒಂದು ಕಟ್ಟು, ಏಳು ಕಟ್ಟಿಗೆ ಒಂದು ಮೂಟೆ, ಹೀಗೆ. ಆ ಊರಿನವರು 11 ಎಂದು ಬರೆದರೆ ಒಂದು ವಾರ ಮೇಲೊಂದು ದಿನ, ಅಂದರೆ ನಮ್ಮ ಎಂಟು. 111 ಎಂದು ಬರೆದರೆ ನಲವತ್ತೊಂಬತ್ತು, ಏಳು ಮತ್ತು ಒಂದು ಸೇರಿ ನಮ್ಮ ಐವತ್ತೇಳು. ಅವರ 111111 ನಮ್ಮ ಲೆಕ್ಕದಲ್ಲಿ 19608. ಅದನ್ನು ಅದರಿಂದಲೇ ಗುಣಿಸಿದರೆ ನಮಗೆ ಬರುವುದು 384473664. ನೋಡಲು ಏನೂ ಇಲ್ಲದ ಸಂಖ್ಯೆ. ಆದರೆ ಆ ಊರಿನ ಹುಡುಗ ತನ್ನ ಪಾಟಿಯ ಮೇಲೆ ಆ ಗುಣಾಕಾರವನ್ನು ಮಾಡಿದಾಗ ಅವನಿಗೆ ಕಾಣುವುದು 12345654321! ಎಂಟರ ಕಟ್ಟಿನ ಊರಿನಲ್ಲಿಯೂ ಹಾಗೆಯೇ, ಹನ್ನೆರಡರ ಊರಿನಲ್ಲಿಯೂ ಹಾಗೆಯೇ, ಅರವತ್ತರ ಊರಿನಲ್ಲಿಯೂ ಹಾಗೆಯೇ. ಸಂಖ್ಯೆ ಬೇರೆ ಬೇರೆ, ಹಾರ ಮಾತ್ರ ಅದೇ.

ಕಾರಣ ಸರಳ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವುದೆಂದರೆ 111111 ಎಂಬ ಸಾಲನ್ನು ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ, ಒಂದರ ಕೆಳಗೊಂದು ಬರೆದು ಕೂಡುವುದು. ಬಲತುದಿಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆ ನಡುಗಂಬದಲ್ಲಿ ಆರು. ಅಲ್ಲಿಂದಾಚೆಗೆ ಮತ್ತೆ ಐದು, ನಾಲ್ಕು, ಮೂರು. ಕೂಡುವವನು ಯಾವ ಊರಿನವನಾದರೂ ಕಂಬಗಳ ಲೆಕ್ಕ ಇದೇ. ಒಂದೇ ಒಂದು ಷರತ್ತು: ನಡುಗಂಬದ ಆರು ಆ ಊರಿನ ಒಂದೇ ಮನೆಯಲ್ಲಿ ಹಿಡಿಸಬೇಕು. ಆರರ ಕಟ್ಟಿನ ಊರಿನಲ್ಲಿ ಅದು ಹಿಡಿಸುವುದಿಲ್ಲ. ಅಲ್ಲಿ ಆರು ತುಂಬಿತೆಂದರೆ ಒಂದು ಕಟ್ಟಾಯಿತು. ಆ ಮನೆಯಲ್ಲಿ ಸೊನ್ನೆ ಬರೆದು ‘ಕೈಯಲ್ಲಿ ಒಂದು’ ಎಂದು ಪಕ್ಕಕ್ಕೆ ದಾಟಿಸಬೇಕು. ಪಕ್ಕದ ಐದು ಈ ಒಂದನ್ನು ಸೇರಿಸಿಕೊಂಡು ಆರಾಗಿ, ಅದೂ ಸೊನ್ನೆಯಾಗಿ, ಮತ್ತೊಂದನ್ನು ದಾಟಿಸುತ್ತದೆ. ಕೊನೆಗೆ ಉಳಿಯುವುದು 12350054321. ಹಾರ ಹರಿದಿದೆ. ಬಲಭಾಗ ಸುರುಳಿಯಾಗಿ ಉಳಿದಿದೆ, ನಡುವೆ ಎರಡು ಸೊನ್ನೆಗಳು.

ಹಾಗಾದರೆ ಈ ಏರಿಳಿತವು ಯಾವ ಒಂದು ಸಂಖ್ಯೆಯ ಸ್ವಂತ ಗುಣವೂ ಅಲ್ಲ, ಏಕೆಂದರೆ ಊರೂರಿಗೆ ಅದನ್ನು ತೊಡುವ ಸಂಖ್ಯೆ ಬೇರೆ. ಯಾವ ಒಂದು ಬರವಣಿಗೆಯ ಕೃಪೆಯೂ ಅಲ್ಲ, ಏಕೆಂದರೆ ಬರವಣಿಗೆ ಬದಲಾದರೂ ಅದು ಬರುತ್ತದೆ. ನಿಶ್ಚಯಕ್ಕೂ ವ್ಯವಹಾರಕ್ಕೂ ನಡುವೆ ಅದು ಒಂದು ವಿನ್ಯಾಸ. ತಾನಾಗಿ ನಿಲ್ಲಲು ಅದಕ್ಕೆ ಬರವಣಿಗೆಯೊಂದು ಬೇಕು. ಆದರೆ ಇಂಥದೇ ಬರವಣಿಗೆ ಬೇಕೆಂಬ ಹಟವಿಲ್ಲ. ಬೇಕಾದದ್ದು ಸಾಕಷ್ಟು ಜಾಗ.

ಗಡಿಯ ಈಚೆಗಿರುವ ನಾವು ಇದನ್ನು ಬರಿಯ ಲೆಕ್ಕವಾಗಿ ಓದಿ ಮುಂದೆ ಹೋಗುವುದು ಕಷ್ಟ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದವು. ಉಳಿದ ತಾಲೂಕುಗಳು ಮೈಸೂರಿಗೆ ಹೋದವು. ಮಡಕಶಿರಾ ಆಗಲೇ ಅನಂತಪುರದ ಪಾಲಿನದಾಗಿತ್ತು. ಅಂದಿನಿಂದ ನಮ್ಮ ಸಭೆಗಳಲ್ಲಿ, ನಮ್ಮ ಸಂಚಿಕೆಗಳಲ್ಲಿ ಒಂದು ಮಾತು ಬಗೆಬಗೆಯಾಗಿ ಬರುತ್ತಲೇ ಇದೆ: ನಮ್ಮದು ಎಂಬುದು ಯಾವುದು? ಹೆಮ್ಮೆಪಡುವ ಹಕ್ಕು ನಮಗೆ ಯಾವುದರ ಮೇಲಿದೆ? ಮಹಾವೀರನ ಹೆಸರು ಬಂದಾಗಲೆಲ್ಲ ‘ನಮ್ಮ ನೃಪತುಂಗನ ಕಾಲದ ನಮ್ಮ ಗಣಿತಜ್ಞ’ ಎಂದು ನಾವು ಚಪ್ಪಾಳೆ ತಟ್ಟಿದ್ದುಂಟು. ಆ ಚಪ್ಪಾಳೆಯನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಪ್ರಾಮಾಣಿಕತೆ.

ಮೊದಲನೆಯದಾಗಿ, ಆತನು ಗ್ರಂಥವನ್ನು ಬರೆದದ್ದು ಸಂಸ್ಕೃತದಲ್ಲಿ. ಅದೇ ಚಕ್ರವರ್ತಿಯ ಆಸ್ಥಾನದಿಂದ ‘ಕವಿರಾಜಮಾರ್ಗ’ ಹೊರಟಿತು, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಗುರುತಿಸಿತು ಎಂಬುದು ನಿಜ. ಆದರೆ ಲೆಕ್ಕದ ಪುಸ್ತಕ ಕನ್ನಡದಲ್ಲಿರಲಿಲ್ಲ. ಎರಡನೆಯದಾಗಿ, 12345654321 ಎಂಬ ಸಂಖ್ಯೆ 37ರಿಂದ ಭಾಗವಾಗುವುದು ರಾಷ್ಟ್ರಕೂಟರು ಹುಟ್ಟುವ ಮೊದಲೂ ನಿಜವಾಗಿತ್ತು, ಅವರು ಅಳಿದ ಮೇಲೂ ನಿಜವಾಗಿದೆ. ಆ ನಿಜಕ್ಕೆ ವಾರಸುದಾರರಿಲ್ಲ. ಪಹಣಿಯಲ್ಲಿ ಅದನ್ನು ಯಾರ ಹೆಸರಿಗೂ ಬರೆಸಲಾಗದು.

ಮೂರನೆಯ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಅದೇ ಗ್ರಂಥದಲ್ಲಿ ಮಹಾವೀರನು, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಹೇಳಿದ್ದಾನೆ. ಇದು ಸರಿಯಲ್ಲ. ಏಳನ್ನು ಸೊನ್ನೆಯಿಂದ ಭಾಗಿಸಿದರೆ ಏಳೇ ಬರುವುದಾದರೆ, ಆ ಏಳನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ ಏಳು ಬರಬೇಕಾಗಿತ್ತು, ಬರುವುದು ಸೊನ್ನೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಇದನ್ನು ತೋರಿಸಬಹುದು. ಅವಳ ಎದುರು ಆಚಾರ್ಯನ ಕೀರ್ತಿ ನಿಲ್ಲುವುದಿಲ್ಲ, ಚಕ್ರವರ್ತಿಯ ಛತ್ರ ನಿಲ್ಲುವುದಿಲ್ಲ, ಇಡೀ ಸಮ್ಮೇಳನವೇ ಕೈಯೆತ್ತಿ ಮತ ಹಾಕಿದರೂ ನಿಲ್ಲುವುದಿಲ್ಲ. ಗಣಿತದ ನೀತಿಯೆಂದರೆ ಇದೇ ಇರಬೇಕು: ಅಲ್ಲಿ ಬಹುಮತವಿಲ್ಲ, ಅಲ್ಪಮತವಿಲ್ಲ. ‘ಅಲ್ಪಸಂಖ್ಯಾತರು’ ಎಂಬ ಹೆಸರನ್ನು ಸರ್ಕಾರಿ ಕಾಗದಗಳಲ್ಲಿ ಹೊತ್ತು ತಿರುಗುವ ನಮ್ಮಂಥವರಿಗೆ, ಸಂಖ್ಯೆಗಳ ಲೋಕದಲ್ಲಿ ಆ ಪದಕ್ಕೆ ಅರ್ಥವೇ ಇಲ್ಲವೆಂಬುದು ಒಂದು ಬಗೆಯ ತಂಪು.

ಹಾಗಾದರೆ ನಮ್ಮ ಹೆಮ್ಮೆಗೆ ಜಾಗವೇ ಇಲ್ಲವೆ? ಇದೆ. ನಿಜಕ್ಕೆ ವಾರಸುದಾರರಿಲ್ಲದಿದ್ದರೂ, ನಿಜವನ್ನು ಮುಂದಿನವರಿಗೆ ದಾಟಿಸುವ ಕೆಲಸಕ್ಕೆ ಜನ ಬೇಕಾಗುತ್ತದೆ. ಸಂಖ್ಯೆಯು ತನ್ನಷ್ಟಕ್ಕೆ ತಾನು ಯಾರಿಗೂ ಪಾಠ ಹೇಳುವುದಿಲ್ಲ. 122 ರೀತಿಗಳಲ್ಲಿ ಒಂದನ್ನು ಆರಿಸಿ, ‘ಗುಣಿಸಿ ನೋಡು, ಕೊನೆಯಲ್ಲಿ ಹಾರ ಸಿಕ್ಕುತ್ತದೆ’ ಎಂದು ಶಿಷ್ಯನನ್ನು ಆಸೆಗೆ ಹಚ್ಚಿದ್ದು ಒಬ್ಬ ಮನುಷ್ಯ. ಆ ಕೆಲಸವನ್ನು ಮುಂದುವರಿಸಿದವರೂ ಮನುಷ್ಯರೇ. ಸುಮಾರು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಶೈವನಾದ ಆತನು ಜೈನ ಪ್ರಸ್ತಾಪಗಳಿದ್ದ ಕಡೆ ಶಿವನ ಪ್ರಸ್ತಾಪಗಳನ್ನು ತಂದನು. ಲೆಕ್ಕಗಳು ಅದರಿಂದ ಕೆಡಲಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಮಹಾವೀರನ ಗ್ರಂಥವು ಉಳಿದುಬಂದ ಓಲೆಗರಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಅಂಥ ಪ್ರತಿಗಳ ಆಧಾರದಿಂದ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಕನ್ನಡ ಅನುವಾದವೊಂದು ಹೊಂಬುಜದ ಜೈನಮಠದಿಂದ 2000ದಲ್ಲಿ ಬಂದಿತು. ಸಂಸ್ಕೃತದಿಂದ ತೆಲುಗಿಗೆ, ಗರಿಯಿಂದ ಅಚ್ಚಿಗೆ, ಕೊನೆಗೆ ಕನ್ನಡಕ್ಕೆ. ಹಾರವು ಒಂದು ಕೊರಳಿಂದ ಇನ್ನೊಂದಕ್ಕೆ ಬಂದಿದೆಯೇ ಹೊರತು ಯಾರ ಪೆಟ್ಟಿಗೆಯಲ್ಲಿಯೂ ಬೀಗ ಬಿದ್ದು ಕುಳಿತಿಲ್ಲ. ತೆಲುಗರು ಇದನ್ನು ತಮ್ಮದೆಂದರೆ ನಾವು ಸಿಟ್ಟಾಗಬೇಕಾಗಿಲ್ಲ. ದಾಟಿಸಿದವರೆಲ್ಲರಿಗೂ ಪಾಲಿದೆ.

ದಾಟಿಸುವ ಮಾತು ಬಂದಾಗ ಕುಂದಕುಂದರನ್ನು ಮತ್ತೊಮ್ಮೆ ನೆನೆಯಬೇಕು. ನಿಶ್ಚಯವೇ ಪರಮಾರ್ಥವೆಂದ ಮೇಲೆ ವ್ಯವಹಾರವನ್ನು ಏಕೆ ಹೇಳಬೇಕೆಂಬ ಪ್ರಶ್ನೆಗೆ ಅವರು ಭಾಷೆಯ ದೃಷ್ಟಾಂತದಿಂದಲೇ ಉತ್ತರಿಸಿದ್ದಾರೆ. ಪರಭಾಷೆಯವನಿಗೆ ಅವನ ಭಾಷೆಯಲ್ಲಿ ಹೇಳದ ಹೊರತು ಏನನ್ನೂ ತಿಳಿಸಲಾಗದು. ಹಾಗೆಯೇ ವ್ಯವಹಾರದ ನೆರವಿಲ್ಲದೆ ಪರಮಾರ್ಥವನ್ನು ಬೋಧಿಸಲಾಗದು ಎಂಬುದು ಅವರ ವಾದದ ತಿರುಳು. ಪರಮಾರ್ಥಕ್ಕೆ ಭಾಷೆಯಿಲ್ಲ. ಆದರೆ ಕೇಳುವವನಿಗೆ ಭಾಷೆಯಿದೆ. ಆದುದರಿಂದ ಹೇಳುವವನು ಅವನ ಭಾಷೆಗೆ ಇಳಿದುಬರಬೇಕು. ಮಾತೃಭಾಷೆಯ ಶಿಕ್ಷಣವನ್ನು ಕುರಿತು ನಮ್ಮ ವೇದಿಕೆಗಳಲ್ಲಿ ಎಷ್ಟೋ ಭಾಷಣಗಳು ಆಗಿವೆ. ಇಷ್ಟು ಚಿಕ್ಕದಾಗಿ ಇಷ್ಟು ಗಟ್ಟಿಯಾಗಿ ಹೇಳಿದವರು ಕಡಿಮೆ.

ಇಲ್ಲಿ ಇನ್ನೊಂದು ಜಾತಿಯ ಸಂಖ್ಯೆಗಳ ವಿಷಯವನ್ನು ಹೇಳದೆ ನಿರ್ವಾಹವಿಲ್ಲ. ಅವು ಬಹಳ ಸಣ್ಣವು: ಹತ್ತು ಮತ್ತು ನಲವತ್ತು. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ಸಮ್ಮೇಳನ ನಡೆಸಿ, ಒಂದು ಭಾಷೆಯ ಮಕ್ಕಳು ಶಾಲೆಯಲ್ಲಿ ಒಟ್ಟು ನಲವತ್ತು ಅಥವಾ ಒಂದು ತರಗತಿಯಲ್ಲಿ ಹತ್ತು ಇದ್ದರೆ, ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನಾದರೂ ಕೊಡಬೇಕೆಂದು ಗೊತ್ತುಮಾಡಿದರು. 1956ರಲ್ಲಿ ಸಂವಿಧಾನಕ್ಕೆ 350ಎ ಎಂಬ ಅನುಚ್ಛೇದ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದಿತು. ಒಳ್ಳೆಯ ಮನಸ್ಸಿನಿಂದ ಆದ ಕೆಲಸಗಳು, ಸಂದೇಹವಿಲ್ಲ. ಆದರೆ ಹತ್ತು ಎಂಬುದನ್ನು ನೋಡಿ. ಒಂಬತ್ತು ಏಕಲ್ಲ? ಏಳು ಏಕಲ್ಲ? ಹತ್ತಕ್ಕೆ ಕಾರಣ ಸಚಿವರ ಕೈಗಳಲ್ಲಿಯೂ ಹತ್ತು ಬೆರಳುಗಳಿದ್ದವೆಂಬುದಕ್ಕಿಂತ ಹೆಚ್ಚಿನದು ನಮಗೆ ತೋರದು. ಎಂಟು ಬೆರಳಿನ ಜನ ಈ ನಿಯಮವನ್ನು ಮಾಡಿದ್ದರೆ ಎಂಟು ಮಕ್ಕಳಿಗೆ ಮೇಷ್ಟರು ಬರುತ್ತಿದ್ದರೇನೋ!

ಇದು ನಗುವ ಮಾತಾದರೂ ಪೂರ್ತಿ ನಗುವ ಮಾತಲ್ಲ. ಸಂಖ್ಯೆಗಳಿಗೆ ಒಂದು ಗಾಂಭೀರ್ಯವಿದೆ. 12345654321ಕ್ಕೆ 243 ಭಾಜಕಗಳೆಂದಾಗ ಅದರ ಮುಂದೆ ಯಾರೂ ತಕರಾರು ಮಾಡುವಂತಿಲ್ಲ. ಆ ಗಾಂಭೀರ್ಯವನ್ನು ಎರವಲು ಪಡೆದು ಬೇರೆ ಸಂಖ್ಯೆಗಳು ನಮ್ಮೆದುರು ಬಂದು ನಿಲ್ಲುತ್ತವೆ. ‘ನಿಮ್ಮ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದಾರೆ, ಹತ್ತಿಲ್ಲ’ ಎಂದು ಕಚೇರಿಯಲ್ಲಿ ಹೇಳಿದಾಗ ಅದು 37ರಿಂದ ಭಾಗವಾಗುವ ಸಂಗತಿಯಷ್ಟೇ ಕಠಿಣವಾದ ನಿಜವೆಂಬಂತೆ ನಾವು ತಲೆಬಾಗಿಸಿ ಹಿಂತಿರುಗುತ್ತೇವೆ. ಒಂಬತ್ತು ಮಕ್ಕಳಿರುವುದು ನಿಜ, ಎಣಿಸಿ ನೋಡಬಹುದು. ಒಂಬತ್ತು ಸಾಲದೆಂಬುದು ನಿಜವಲ್ಲ. ಅದು ಒಬ್ಬರು ಮಾಡಿದ ತೀರ್ಮಾನ. ಮಾಡಿದ ತೀರ್ಮಾನವನ್ನು ಮತ್ತೆ ಮಾಡಬಹುದು, ಕೇಳಬಹುದು, ಬದಲಾಯಿಸಬಹುದು. ಎಣಿಕೆಯಲ್ಲಿ ಯಾವುದು ಸಂಖ್ಯೆಯ ಮಾತು, ಯಾವುದು ಮನುಷ್ಯರ ಮಾತು ಎಂದು ಬಿಡಿಸಿ ನೋಡುವ ಅಭ್ಯಾಸ ನಮಗೆ ಬೇಕಾಗಿದೆ. ಇದನ್ನು ಕಲಿಸುವುದರಲ್ಲಿ ಗಣಿತಕ್ಕಿಂತ ಮಿಗಿಲಾದ ಮೇಷ್ಟರು ನಮಗೆ ಕಾಣರು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ತಲೆ ಎಣಿಸಿ ಸೌಲಭ್ಯ ಕೊಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಸರ್ಕಾರದ ಬೊಕ್ಕಸಕ್ಕೆ ತಳವಿದೆ. ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕು, ಗೆರೆಯ ಹೊರಗೆ ಯಾರಾದರೂ ಉಳಿಯಲೇಬೇಕು. ಗೆರೆಯನ್ನು ಎಳೆದವನು ತಾನು ಎಳೆದೆನೆಂದು ಒಪ್ಪಿಕೊಳ್ಳಬೇಕು, ಆಕಾಶದಿಂದ ಬಿದ್ದಿತೆನ್ನಬಾರದು. ನಮ್ಮ ಕೋರಿಕೆ ಇಷ್ಟೇ. ನಮ್ಮ ಮೇಲೂ ಅದೇ ಹೊಣೆಯಿದೆ. ನಮ್ಮ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಸೇರಿಸಿ, ಅನಂತರ ಸಮ್ಮೇಳನಕ್ಕೆ ಬಂದು ‘ಸಂಖ್ಯೆ ಕಡಿಮೆಯಾಯಿತು’ ಎಂದು ದುಃಖಿಸುವಾಗ, ಆ ಸಂಖ್ಯೆಯೂ ತಾನಾಗಿ ಕಡಿಮೆಯಾದದ್ದಲ್ಲ. ಆರರ ಊರಿನಲ್ಲಿ ಹಾರ ಹರಿದದ್ದು ಲೆಕ್ಕದ ಬಲದಿಂದ, ಯಾರೂ ತಡೆಯುವಂತಿರಲಿಲ್ಲ. ನಮ್ಮ ತರಗತಿಗಳ ವಿಷಯ ಅಂಥದಲ್ಲ.

ಈ ಬಾರಿಯ ಮಕ್ಕಳ ಗೋಷ್ಠಿಯಲ್ಲಿ ಭಾಷಣ, ಭಾವಗೀತೆಗಳ ಜೊತೆಗೆ ಒಂದು ಗುಣಾಕಾರವನ್ನೂ ಇಡಬೇಕೆಂದು ನಮ್ಮ ಸಲಹೆ. ಕನ್ನಡ ಶಾಲೆಯವರು, ತೆಲುಗು ಶಾಲೆಯವರು ಎಂಬ ಭೇದ ಬೇಡ. ‘ವರ್ಗ’, ‘ವರ್ಗಮೂಲ’ ಎಂಬ ಪದಗಳು ಎರಡೂ ಕಡೆಯ ಪಠ್ಯಗಳಲ್ಲಿವೆ. ಮೊದಲು ಮಹಾವೀರನ ಲೆಕ್ಕ. ಮೂರು ಸಾಲು ಬರೆದು ಕೂಡಿದರೆ ಆಯಿತು:

27994681
1119787240
11197872400

ಕೂಡುವಾಗ ಪ್ರತಿ ಕಂಬದಲ್ಲಿಯೂ ಗೊಂದಲವೇ. ಕೊನೆಯ ಸಾಲು ಬರೆಯುವವರೆಗೆ ಹಾರದ ಸುಳಿವಿರುವುದಿಲ್ಲ. ಅದಾದ ಮೇಲೆ ಒಂದುಗಳನ್ನು ಹೆಚ್ಚಿಸುತ್ತ ಹೋಗಲಿ. ಏಳು ಒಂದುಗಳ ವರ್ಗ, ಎಂಟರ ವರ್ಗ, ಒಂಬತ್ತರ ವರ್ಗ 12345678987654321. ಅಲ್ಲಿಯವರೆಗೆ ಹಾರ ಬೆಳೆಯುತ್ತದೆ. ಹತ್ತು ಒಂದುಗಳಿಗೆ ಬಂದಾಗ ನಮ್ಮ ಹತ್ತರ ಕಟ್ಟಿಗೂ ಆರರ ಊರಿನ ಗತಿಯೇ ಆಗುತ್ತದೆ: 1234567900987654321. ಇಳಿಯುವ ಕಡೆ ಎಲ್ಲ ಅಂಕಿಗಳೂ ಇವೆ. ಏರುವ ಕಡೆ 8 ಇಲ್ಲ. ಅದು ಎಲ್ಲಿ ಹೋಯಿತೆಂದು ಮಕ್ಕಳನ್ನು ಕೇಳಬೇಕು, ಮತ್ತು ಉತ್ತರವನ್ನು ನಾವು ಹೇಳಿಬಿಡಬಾರದು. ಚುರುಕಾದ ಒಂದು ಮಗುವಾದರೂ ಮಹಾವೀರನ ಮೊದಲ ಲೆಕ್ಕಕ್ಕೆ, ಆ 12345679ಕ್ಕೆ, ಹಿಂತಿರುಗಿ ಹೋಗಿ ಅಲ್ಲಿಯೂ ಇಲ್ಲದಿರುವುದು ಅದೇ 8 ಎಂದು ತೋರಿಸಬಹುದು.